ಇವತ್ತು ಎಷ್ಟು ಆಳು?

ಮಗಳೇ,

ಮೊನ್ನೆ ಫೋನಿನಲ್ಲಿ ಹೊಸ ರೂಮ್‌ಮೇಟ್ ಬಗ್ಗೆ "ಸ್ವಲ್ಪ ಲೋಕಲ್ ಅಮ್ಮಾ" ಅಂದೆಯಲ್ಲ, ನಾನೂ ನಕ್ಕುಬಿಟ್ಟೆ. ಆಮೇಲೆ ಆ ನಗು ಯಾಕೋ ಚುಚ್ಚಿತು. ಬೈಯೋಕೆ ಬರೆಯುತ್ತಿಲ್ಲ. ಅದನ್ನು ನೀನು ಬೆಂಗಳೂರಲ್ಲಿ ಕಲಿತದ್ದಲ್ಲ, ನಮ್ಮ ಮನೆಯಲ್ಲೇ ಕಲಿತದ್ದು. ಪದ ಮಾತ್ರ ಬೇರೆ. ತೋಟದ ಕೆಲಸದವರ ಸಾಲುಮನೆಗೆ ಲೈನ್‌ಮನೆ ಅನ್ನುತ್ತಾರಲ್ಲ, ಅಲ್ಲಿದ್ದವರನ್ನು ನಾವು "ಲೈನ್‌ನವರು" ಅನ್ನುತ್ತಿದ್ದೆವು.

ನಿನ್ನಜ್ಜ ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರಲ್ಲ, ನಮ್ಮ ಕ್ವಾರ್ಟರ್ಸ್ ಬಂಗಲೆಗೂ ಸೇರದ, ಲೈನ್‌ಮನೆಗೂ ಸೇರದ ಜಾಗದಲ್ಲಿತ್ತು. ಬಂಗಲೆಗೆ ಹೋದರೆ ನಾವು ಹಿಂಬಾಗಿಲಲ್ಲಿ ನಿಲ್ಲಬೇಕು. ನಮ್ಮ ಹಿಂಬಾಗಿಲಲ್ಲಿ ಲೈನ್‌ನವರು ನಿಲ್ಲುತ್ತಿದ್ದರು. ಬೆಳಿಗ್ಗೆ ಅಪ್ಪ ಹಾಜರಿ ಬರೆಯುವ ಚೆಕ್‌ರೋಲ್ ಹಿಡಿದು ಮೇಸ್ತ್ರಿಗೆ ಕೇಳುತ್ತಿದ್ದದ್ದು ಒಂದೇ: "ಇವತ್ತು ಎಷ್ಟು ಆಳು?" ಹನ್ನೆರಡು ಗಂಡಾಳು, ಇಪ್ಪತ್ತು ಹೆಣ್ಣಾಳು. ಹೆಣ್ಣಾಳಿಗೆ ಕೂಲಿ ಕಡಿಮೆ, ಅದು ಬೇರೆಯೇ ಕತೆ.

ಆಳು ಅಂದರೆ ಮನುಷ್ಯ ಅಷ್ಟೇ. ಆಳೆತ್ತರದ ಗೋಡೆ ಅನ್ನಲ್ವಾ? ಕೂಲಿ ಅಂದರೆ ದುಡಿದದ್ದಕ್ಕೆ ಕೊಡುವ ದುಡ್ಡು, ಕೊನೆಗೆ ದುಡ್ಡಿನ ಹೆಸರೇ ದುಡಿದವನ ಹೆಸರಾಯಿತು. ಈಗ "ಲೇಬರ್" ಅನ್ನುತ್ತಾರೆ, ಭಾಷಣವಾದರೆ "ಕಾರ್ಮಿಕರು". ಪದ ತೊಳೆದಷ್ಟೂ ಮತ್ತೆ ಕೊಳೆ ಹಿಡಿಯುತ್ತೆ.

ಒಂದು ಹೇಳಲೇಬೇಕು. ನನಗೆ ಎಂಟು ವರ್ಷ ಇರಬಹುದು. ಅಜ್ಜನ ವಯಸ್ಸಿನ, ಯರವ ಬುಡಕಟ್ಟಿನ ಒಬ್ಬರಿಗೆ "ಏ, ಬಾರೋ ಇಲ್ಲಿ, ಸೌದೆ ಒಳಗಿಡು" ಅಂದಿದ್ದೆ. ಅವರು ಬಂದರು, "ಆಯ್ತು ಅಮ್ಮಾವ್ರೆ" ಅಂದರು. ಅಪ್ಪ ಅಮ್ಮ ಇಬ್ಬರೂ ಅಲ್ಲೇ ಇದ್ದರು, ಯಾರೂ ನನ್ನ ತಿದ್ದಲಿಲ್ಲ. ಅವರ ಹೆಸರು ನೆನಪಿಲ್ಲ ಅಂತ ಬರೆಯಲು ಹೊರಟಿದ್ದೆ. ನಿಜ ಏನೆಂದರೆ ನನಗೆ ಗೊತ್ತೇ ಇರಲಿಲ್ಲ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿ ಅರಣ್ಯ ಇಲಾಖೆಯವರು ಆದಿವಾಸಿಗಳ ಗುಡಿಸಲು ಕೆಡವಿದ್ದು ನಿನಗೂ ನೆನಪಿರಬೇಕು. ಅಲ್ಲಿದ್ದವರಲ್ಲಿ ಎಷ್ಟೋ ಜನ ಲೈನ್‌ಮನೆ ಬಿಟ್ಟು ಬಂದವರೇ. ಕೆಲಸ ಬಿಟ್ಟರೆ ಲೈನ್‌ಮನೆಯೂ ಹೋಗುತ್ತೆ, ಅಲ್ವಾ. ತೋಟದಲ್ಲಿದ್ದಾಗ ಲೈನ್‌ನವರು, ಕಾಡಂಚಿಗೆ ಬಂದರೆ ಅತಿಕ್ರಮಣದಾರರು, ಚುನಾವಣೆ ಬಂದರೆ ಮತದಾರ ಬಂಧುಗಳು.

ಇಲ್ಲಿ ರೊಬಸ್ಟಾ ಕಾಫಿ ಕೊಯ್ಲು ಶುರುವಾಗಿದೆ. ಜನ ಸಿಗಲ್ಲ ಅಂತ ಎಲ್ಲರದ್ದೂ ಗೋಳು. ನೋಡು, ನಾನೂ "ಜನ" ಅಂದೆ. ನಮ್ಮಲ್ಲಿಗೆ ಕೊಯ್ಲಿಗೆ ಬರುವ ಒಬ್ಬಳು ನಿನ್ನೆ ಟೀ ಕುಡಿಯುತ್ತಾ ಕೇಳಿದಳು: "ಅಕ್ಕಾ, ಮಗಳು ಬೆಂಗಳೂರಲ್ಲಿ ಯಾರ ಹತ್ರ ಕೆಲಸಕ್ಕಿದ್ದಾಳೆ?"

ಕಂಪನಿಯಲ್ಲಿ ಅಂದೆ, ಸ್ವಲ್ಪ ಜಂಬದಿಂದಲೇ.

"ಹೌದಾ, ಅಲ್ಲಿ ಎಷ್ಟು ಆಳು?"

ಆರುನೂರು ಅಂದೆ. ಸರಿ ತಾನೇ?

ನಿನ್ನ ಅಮ್ಮ