ಜಾಹೀರಾತಿನ ಕ್ರಿಯಾಪದ: ಯುವ ಕಥೆಗಾರನಿಗೊಂದು ಪತ್ರ

ಸರಸ್ವತಿಪುರಂ, ಮೈಸೂರು

ಪ್ರೀತಿಯ ತಮ್ಮನಿಗೆ,

ಆಶೀರ್ವಾದಗಳು. ನೀನು ಮಂಡ್ಯದಿಂದ ಕಳುಹಿಸಿದ ಪತ್ರವೂ ಅದರ ಜೊತೆಗಿದ್ದ ಕಥೆಯ ಎರಡು ಪ್ರತಿಗಳೂ ತಲುಪಿ ಹತ್ತು ದಿನಗಳಾದವು. ಒಂದು ಪ್ರತಿ ನೀನೇ ಬರೆದದ್ದು, ಇನ್ನೊಂದು ಅದನ್ನೇ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೊಟ್ಟು ತಿದ್ದಿಸಿಕೊಂಡದ್ದು ಎಂದು ಮುಚ್ಚಿಡದೆ ಹೇಳಿದ್ದೀಯೆ; ಅದು ನನಗೆ ಹಿಡಿಸಿತು. ತಿಂಗಳ ಚಂದಾ ಕಟ್ಟಿ ಆ ಸೇವೆಯನ್ನು ಕೊಳ್ಳಬೇಕೇ, ಕೊಳ್ಳದಿದ್ದರೆ ಓರಗೆಯವರಿಗಿಂತ ಹಿಂದೆ ಬೀಳುತ್ತೇನೆಯೇ ಎಂದು ಕೇಳಿದ್ದೀಯೆ. ಕೊಳ್ಳುವವನಾಗಿ ಈ ನಲವತ್ತು ವರ್ಷಗಳಲ್ಲಿ ಕಲಿತದ್ದನ್ನು ಬರೆಯುವವನಾಗಿ ಹೇಳಲು ಪ್ರಯತ್ನಿಸುತ್ತೇನೆ.

ಹೊಸ ಯಂತ್ರವೊಂದು ಬಂದಾಗ ಅದರ ಜಾಹೀರಾತನ್ನು ಕಥೆಗಾರನ ಕಣ್ಣಿನಿಂದ ಓದು. ಅದರ ಕ್ರಿಯಾಪದಗಳು ಯಾವ ಕಾಲದಲ್ಲಿವೆ ಎಂದು ನೋಡು. ‘ಬದಲಿಸಲಿದೆ’, ‘ಮುಕ್ತಗೊಳಿಸಲಿದೆ’, ‘ಅನಿವಾರ್ಯವಾಗಲಿದೆ’ ಎಂಬ ಮಾತುಗಳೇ ತುಂಬಿದ್ದು, ಇಂದು ಬೆಳಿಗ್ಗೆ ಅದು ಯಾರ ಯಾವ ಕೆಲಸವನ್ನು ಮಾಡಿಕೊಟ್ಟಿತು ಎಂದು ಹೇಳುವ ಒಂದು ವಾಕ್ಯವೂ ಇಲ್ಲದಿದ್ದರೆ, ಅಲ್ಲಿ ಮಾರಾಟಕ್ಕಿರುವುದು ಇನ್ನೂ ನಡೆಯದ ಸಂಗತಿ. ಅದಕ್ಕೆ ಇಂದಿನ ದುಡ್ಡನ್ನು ಕೊಡಬೇಡ. 2010ರ ಸುಮಾರಿಗೆ ಕನ್ನಡಕ ಹಾಕಿಕೊಂಡು ನೋಡುವ ತ್ರೀಡಿ ಟೀವಿಗಳು ಎಲ್ಲರ ಮನೆಗೂ ಬರಲಿವೆ ಎಂದು ಅಂಗಡಿಗಳಲ್ಲಿ ಹೇಳುತ್ತಿದ್ದರು. 2017ರ ಹೊತ್ತಿಗೆ ದೊಡ್ಡ ತಯಾರಕರೆಲ್ಲ ಅವನ್ನು ಕೈಬಿಟ್ಟಿದ್ದರು. ಅದು ಮನೆಬಳಕೆಯ ವಸ್ತುವಿನ ಮಾತು, ಇರಲಿ.

ಕಲೆಯ ಹೆಸರಿನಲ್ಲಿ ಇದೇ ವ್ಯಾಪಾರ ನಡೆದಾಗ ನನಗೆ ನಿಜವಾಗಿ ನೋವಾಗುತ್ತದೆ. 2021ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಸಂಸ್ಥೆಯ ಹರಾಜಿನಲ್ಲಿ ಡಿಜಿಟಲ್ ಚಿತ್ರವೊಂದರ ಒಡೆತನವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಎನ್‌ಎಫ್‌ಟಿ 6.9 ಕೋಟಿ ಡಾಲರಿಗೂ ಮಿಕ್ಕಿದ ಬೆಲೆಗೆ ಹೋಯಿತು. ಇನ್ನು ಮುಂದೆ ಕಲಾವಿದನಿಗೆ ದಲ್ಲಾಳಿಯ ಹಂಗಿರುವುದಿಲ್ಲ, ಕೃತಿ ಕೈಬದಲಾದಾಗಲೆಲ್ಲ ಅವನಿಗೆ ಪಾಲು ಬರುತ್ತದೆ ಎಂದು ಸಾರಿದರು. ಕೊಂಡವರ ಕೈಗೆ ಬಹುತೇಕ ಬರುತ್ತಿದ್ದುದು ಚಿತ್ರವಲ್ಲ, ಚಿತ್ರವಿರುವ ಜಾಗವನ್ನು ತೋರಿಸುವ ಒಂದು ದಾಖಲೆ. ಮರುವರ್ಷವೇ ಆ ಮಾರುಕಟ್ಟೆ ಕುಸಿಯಿತು. 2023ರಲ್ಲಿ ಓಪನ್‌ಸೀ ಎಂಬ ದೊಡ್ಡ ಮಾರುಕಟ್ಟೆಯೇ ಕಲಾವಿದನ ಪಾಲನ್ನು ಮಾರುವವರ ಇಚ್ಛೆಗೆ ಬಿಟ್ಟಿತು. ಆ ಎರಡು ವರ್ಷಗಳ ಮಾತುಕತೆಯಲ್ಲಿ ಚಿತ್ರಗಳ ಬಣ್ಣವನ್ನೋ ರೇಖೆಯನ್ನೋ ಕುರಿತು ಯಾರಾದರೂ ಗಂಭೀರವಾಗಿ ಚರ್ಚಿಸಿದ್ದನ್ನು ನಾನು ಓದಲಿಲ್ಲ. ಓದಿದ್ದೆಲ್ಲ ಬೆಲೆಯ ಸುದ್ದಿ.

ನನ್ನ ಸ್ವಂತ ನಷ್ಟವನ್ನೂ ಹೇಳಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಹನ್ನೊಂದು ಕಥೆಗಳನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಸಿ, ಇನ್ನು ಇವು ಶಾಶ್ವತ ಎಂಬ ಮಾತನ್ನು ನಂಬಿ, ಕೈಬರಹದ ಹಾಳೆಗಳನ್ನು ರದ್ದಿಗೆ ಹಾಕಿದೆ. ಆ ಕಾಲದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು; ಆ ನಿರ್ದಿಷ್ಟ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮಾತ್ರ ಕಾಣುತ್ತಿದ್ದವು. ಐದಾರು ವರ್ಷಗಳಲ್ಲಿ ಆ ತಂತ್ರಾಂಶವೂ ಹೋಯಿತು, ಫ್ಲಾಪಿ ಓದುವ ಯಂತ್ರವೂ ಹೋಯಿತು. ಪತ್ರಿಕೆಯಲ್ಲಿ ಅಚ್ಚಾಗಿದ್ದ ನಾಲ್ಕು ಕಥೆಗಳು ಉಳಿದವು. ಏಳನ್ನು ಮತ್ತೆ ಬರೆಯಲು ನನ್ನಿಂದ ಆಗಲಿಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತಸಂಖ್ಯೆ ಕೊಟ್ಟ ಯೂನಿಕೋಡ್ 1991ರಲ್ಲೇ ಬಂದಿತ್ತಾದರೂ ಅದು ನಮ್ಮ ಬೆರಳಚ್ಚು ಕೇಂದ್ರಗಳಿಗೆ ತಲುಪಲು ಬಹಳ ಕಾಲ ಹಿಡಿಯಿತು. ಯಾವ ಸಾಧನವನ್ನು ಕೊಳ್ಳುವ ಮೊದಲೂ ನಾನು ಈಗ ಕೇಳುವ ಪ್ರಶ್ನೆ ಇದೊಂದೇ: ನಾಳೆ ಈ ಕಂಪನಿ ಬಾಗಿಲು ಮುಚ್ಚಿದರೆ ನನ್ನ ಬರಹ ನನ್ನ ಕೈಗೆ ಓದಲು ಬರುವಂತೆ ಸಿಗುತ್ತದೆಯೇ?

ಇಷ್ಟು ಹೇಳಿದ್ದರಿಂದ ನಾನು ಯಂತ್ರದ ವಿರೋಧಿ ಎಂದು ತಿಳಿಯಬೇಡ. ನಮ್ಮ ಊರಿನಲ್ಲೇ 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿ, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ನಿಲ್ಲುವಂತೆ ಮಾಡಿದರು. ಆ ಯಂತ್ರದ ಗುಣವನ್ನು ತಿಳಿಯಲು ಯಾರೂ ಭವಿಷ್ಯವನ್ನು ಕಾಯಬೇಕಿರಲಿಲ್ಲ, ಕಿವಿಗೊಟ್ಟರೆ ಸಾಕಿತ್ತು. ಕಳೆದ ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ನಾನೂ ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. ಗ್ರಾಂಥಿಕ ಭಾಷೆಯನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ನನ್ನ ಪಾತ್ರ ‘ಒಸಿ ತಡಿ, ಬತ್ತೀನಿ’ ಎಂದರೆ ಅದಕ್ಕೆ ತಿಳಿಯದು; ಅಂಥ ಸಾಲುಗಳನ್ನು ಕೈಯಿಂದಲೇ ಬರೆಯುತ್ತೇನೆ.

ಇನ್ನು ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ನೀನು ನೋಡಿರಬಹುದು. ಅವನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ತನ್ನ ದೇವದೇವಿಯರನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದ. ಅದರಿಂದ ಸಾಮಾನ್ಯರ ಗೋಡೆಗೂ ಲಕ್ಷ್ಮಿ, ಸರಸ್ವತಿಯರು ಬಂದರು. ಕಲಾವಿದನಿಗೆ ಮಾತ್ರ ಸಾಲವಾಗಿ, ಮುದ್ರಣಾಲಯವನ್ನು ಅಲ್ಲಿದ್ದ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು. ಒಳ್ಳೆಯ ಯಂತ್ರವೂ ಅದನ್ನು ತಂದ ಕಲಾವಿದನನ್ನು ಸಾಕುತ್ತದೆ ಎಂಬ ಖಾತರಿಯಿಲ್ಲ. ಇನ್ನೊಂದನ್ನೂ ಗಮನಿಸು: ಆ ಯಂತ್ರ ಚಿತ್ರವನ್ನು ಸಾಗಿಸಿತೇ ಹೊರತು ಬರೆಯುತ್ತೇನೆಂದು ಹೇಳಿಕೊಳ್ಳಲಿಲ್ಲ. ಈಗ ನಿನ್ನ ಮುಂದಿರುವ ತಂತ್ರಾಂಶ ಬರೆಯುತ್ತೇನೆಂದೇ ಹೇಳುತ್ತದೆ.

ಆದ್ದರಿಂದ ನಿನ್ನ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದಿದೆ. ನಿನ್ನ ಪ್ರತಿಯಲ್ಲಿ ಆಲೆಮನೆಯ ಅಜ್ಜ ಸೌಟಿನಿಂದ ಒಂದು ತೊಟ್ಟು ಪಾಕವನ್ನು ನೀರಿನ ಬಟ್ಟಲಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ‘ಇನ್ನೊಸಿ ಉರಿ ಬೇಕು ಕಣ್ಲಾ’ ಎನ್ನುತ್ತಾನೆ. ಒಣಸಿಪ್ಪೆಯ ಹೊಗೆಗೆ ಹುಡುಗನ ಕಣ್ಣು ಉರಿಯುತ್ತದೆ. ತಿದ್ದಿದ ಪ್ರತಿಯಲ್ಲಿ ಹೊಗೆ ಹೋಗಿದೆ, ಬಟ್ಟಲು ಹೋಗಿದೆ, ಅಜ್ಜ ಮೌನವಾಗಿ ಮುಗುಳ್ನಗುತ್ತಾನೆ. ‘ಬೆಲ್ಲದ ಸಿಹಿ ಸುವಾಸನೆ ಗಾಳಿಯಲ್ಲಿ ತೇಲುತ್ತಿತ್ತು, ಅದೊಂದು ಪರಂಪರೆಯ ಪರಿಮಳವಾಗಿತ್ತು’ ಎಂಬ ವಾಕ್ಯ ಬಂದಿದೆ. ಈ ಬಗೆಯ ತಂತ್ರಾಂಶ ತಾನು ಕಂಡ ಅಪಾರ ಪಠ್ಯದಿಂದ ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತಿರುತ್ತದೆ. ಬೆಲ್ಲ ಎಂದರೆ ಸುವಾಸನೆ, ಅಜ್ಜ ಎಂದರೆ ಮುಗುಳ್ನಗೆ ಎಂದು ಅದು ಹೋಗುವುದು ಹಾಗಾಗಿಯೇ. ನಿನ್ನ ಅಜ್ಜನ ಬಟ್ಟಲನ್ನು ಅದು ಎಲ್ಲಿಯೂ ಕಂಡಿಲ್ಲ. ಆ ತಿದ್ದಿದ ವಾಕ್ಯ ಜಾಹೀರಾತಿನ ವಾಕ್ಯಕ್ಕೆ ಎಷ್ಟು ಹತ್ತಿರವಾಗಿದೆ ಎಂದು ನೀನೇ ಓದಿ ನೋಡು: ಎರಡರಲ್ಲೂ ಕಣ್ಣಿಗೆ ಕಾಣುವ ಒಂದು ವಸ್ತುವಿಲ್ಲ, ಯಾರೂ ಯಾವ ಕೆಲಸವನ್ನೂ ಮಾಡುತ್ತಿಲ್ಲ. ಇಂಥ ವಾಕ್ಯಗಳನ್ನು ಒಪ್ಪಿಕೊಳ್ಳುತ್ತಾ ಹೋದರೆ ಅವನ್ನು ಅನುಮಾನಿಸುವ ಕಿವಿ ಮಂದವಾಗುತ್ತದೆ ಎಂಬುದೇ ನನ್ನ ಭಯ. ದುಡ್ಡು ಹೋಗುವುದು ಅದರ ಮುಂದೆ ಸಣ್ಣದು.

ಚಂದಾ ಈಗ ಕಟ್ಟಬೇಡ. ಉಚಿತವಾಗಿ ಸಿಗುವಷ್ಟನ್ನು ಮೂರು ತಿಂಗಳು ಕಾಗುಣಿತ ನೋಡಲು, ಇಂಗ್ಲಿಷಿನ ಪತ್ರ ಬರೆಯಲು ಬಳಸಿ, ಅದು ಏನು ಮಾಡಿಕೊಟ್ಟಿತು, ಎಲ್ಲಿ ತಪ್ಪಿತು ಎಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡು. ಆಮೇಲೆ ಕೊಳ್ಳಬೇಕೆನಿಸಿದರೆ ಕೊಳ್ಳು, ನನ್ನ ತಕರಾರಿಲ್ಲ.

ಕಥೆಯ ಬಗ್ಗೆ ಒಂದು ಮಾತು ಉಳಿದಿದೆ. ಮೂರನೆಯ ಪುಟದಲ್ಲಿ ಕೊಪ್ಪರಿಗೆ ಇಳಿಸಿದ ಮೇಲೆ ಪಾಕವನ್ನು ಅಚ್ಚಿಗೆ ತುಂಬಿದವರು ಯಾರು ಎಂಬುದು ಸ್ಪಷ್ಟವಾಗಿಲ್ಲ. ಅಜ್ಜನೇ ಆಗಿದ್ದರೆ ಮುಂದಿನ ಪುಟದಲ್ಲಿ ಅವನ ಕೈ ಸುಟ್ಟದ್ದು ಹೊಂದುತ್ತದೆ, ಕೂಲಿಯವನಾಗಿದ್ದರೆ ಹೊಂದುವುದಿಲ್ಲ. ನಿನ್ನ ತಾಯಿಯವರನ್ನು ಕೇಳಿ ತಿಳಿದು ಬರೆ. ನೀನೇ ತಿದ್ದಿ ಬರೆದ ಪ್ರತಿಯನ್ನು ಯೂನಿಕೋಡಿನಲ್ಲಿ ಕಳುಹಿಸು, ಕಾಗದದ ಮೇಲೂ ಒಂದನ್ನು ನಿನ್ನ ಬಳಿ ಇಟ್ಟುಕೊ.

ಇತಿ,
ನಿನ್ನ ಹಿತೈಷಿ