ರೇಡಿಯೊ ನಿಂತ ಹೊತ್ತು ಗಮನಿಸಿ

ಮಾನ್ಯರೇ,

ಮೊಬೈಲಿನಲ್ಲಿ ಆಕಾಶವಾಣಿ ಹಾಕಿ, ಪರದೆ ಆರಿಸಿ ಜೇಬಿಗೆ ಇಟ್ಟರೆ ಸ್ವಲ್ಪ ಹೊತ್ತಿಗೆ ದನಿ ನಿಂತುಹೋಗುತ್ತದೆ ಎಂಬ ದೂರು ರಿಪೇರಿ ಅಂಗಡಿಗಳಲ್ಲಿ ಮಾಮೂಲು. ವೈರಸ್ ಬಂದಿದೆ, ರ‍್ಯಾಮ್ ಸಾಲದು, ಹೊಸ ಫೋನ್ ತಗೊಳ್ಳಿ ಎಂಬ ಉತ್ತರವೂ ಅಷ್ಟೇ ಮಾಮೂಲು. ಹೆಚ್ಚಿನ ಪಾಲು ಇದ್ಯಾವುದೂ ಕಾರಣವಲ್ಲ. ದನಿ ಯಾವ ಹೊತ್ತಿಗೆ ನಿಂತಿತು ಎಂದು ಗಮನಿಸಿದರೆ ಕಾರಣ ತಾನಾಗಿ ಸಿಗುತ್ತದೆ.

ಪರದೆ ಆರಿದ ಕೂಡಲೇ ನಿಂತರೆ ಆ್ಯಪ್‌ನವರೇ ಹಾಗೆ ಮಾಡಿಟ್ಟಿದ್ದಾರೆ ಎಂದರ್ಥ. ಯೂಟ್ಯೂಬ್ ಹಿನ್ನೆಲೆಯಲ್ಲಿ ಕೇಳುವ ಅನುಕೂಲವನ್ನು ಪ್ರೀಮಿಯಂ ಚಂದಾದಾರರಿಗೆಂದು ಇಟ್ಟಿದೆ. ನಮ್ಮಲ್ಲಿ ಈ ಚಂದಾ ಬಂದದ್ದು 2019ರ ಮಾರ್ಚ್‌ನಲ್ಲಿ. ಚಂದಾ ಇಲ್ಲದೆ ಕೇಳಲು ಬ್ರೌಸರ್‌ನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಹಾಕುವ ಉಪಾಯ ಇವತ್ತು ನಡೆದರೆ ನಾಳೆ ನಡೆಯುವ ಖಾತ್ರಿಯಿಲ್ಲ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ‘ಮಾಡ್’ ಎಪಿಕೆಗಳನ್ನು (ಮೂಲ ಆ್ಯಪ್ ತಿದ್ದಿ ಯಾರೋ ಹಂಚುವ ಫೈಲುಗಳನ್ನು) ಮುಟ್ಟಲೇಬೇಡಿ. ಯಾರು ಮಾಡಿದ್ದೋ ಗೊತ್ತಿಲ್ಲದ ಆ್ಯಪ್‌ಗೆ ಗೂಗಲ್ ಖಾತೆಯ ಪಾಸ್‌ವರ್ಡ್ ಕೊಟ್ಟರೆ ಮೇಲ್, ಫೋಟೊ ಎಲ್ಲವನ್ನೂ ಒಪ್ಪಿಸಿದ ಹಾಗೆ.

ಐದೋ ಹತ್ತೋ ನಿಮಿಷ ಹಾಡಿ ಆಮೇಲೆ ನಿಂತರೆ ಕೈವಾಡ ಬ್ಯಾಟರಿ ಉಳಿತಾಯದ್ದು. 2015ರಲ್ಲಿ ಆಂಡ್ರಾಯ್ಡ್ 6ರ ಜತೆ ‘ಡೋಜ್’ ಎಂಬ ವ್ಯವಸ್ಥೆ ಬಂತು. ಚಾರ್ಜರ್ ತೆಗೆದು, ಪರದೆ ಆರಿಸಿ, ಅಲುಗಾಡದಂತೆ ಇಟ್ಟ ಫೋನನ್ನು ಅದು ತೂಕಡಿಕೆಗೆ ತಳ್ಳುತ್ತದೆ. ಸರಿಯಾಗಿ ತಯಾರಿಸಿದ ರೇಡಿಯೊ ಆ್ಯಪ್ ತಾನು ಹಾಡುತ್ತಿದ್ದೇನೆಂದು ಫೋನಿಗೆ ಮೊದಲೇ ತಿಳಿಸಿರುತ್ತದೆ, ಹಾಗಾಗಿ ಡೋಜ್ ಅದರ ತಂಟೆಗೆ ಬರುವುದಿಲ್ಲ. ಪರದೆಯ ಮೇಲಿನಿಂದ ಕೆಳಗೆ ಎಳೆದಾಗ ಹಾಡು ತಡೆಹಿಡಿಯುವ ‘ಪಾಝ್’ ಗುಂಡಿಯಿರುವ ಪಟ್ಟಿ ಕಾಣುತ್ತದಲ್ಲ, ಅದೇ ಇದರ ಗುರುತು. ಆ ಪಟ್ಟಿಯೇ ಬರದಿದ್ದರೆ ಆ್ಯಪ್ ಬದಲಿಸುವುದು ಲೇಸು. ಪಟ್ಟಿ ಬಂದೂ ದನಿ ಸಾಯುತ್ತಿದ್ದರೆ ಫೋನ್ ಕಂಪನಿ ತನ್ನ ಕಡೆಯಿಂದ ಸೇರಿಸಿದ ಇನ್ನೊಂದು ಕಡಿವಾಣ ಅಲ್ಲಿದೆ. ಒಂದು ದಿನದ ಚಾರ್ಜ್ ಒಂದೂವರೆ ದಿನ ಬರುತ್ತದೆಂದು ಜಾಹೀರಾತು ಕೊಡಬೇಕಲ್ಲ!

ಇದನ್ನು ಸಡಿಲಿಸಲು ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಲ್ಲಿ ಆ ರೇಡಿಯೊ ಆ್ಯಪ್, ಅದರೊಳಗೆ ಬ್ಯಾಟರಿ ತೆರೆದು ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಸ್ಯಾಮ್‌ಸಂಗ್ ಆದರೆ ಬ್ಯಾಟರಿ ಸೆಟ್ಟಿಂಗ್‌ನ ‘ಸ್ಲೀಪಿಂಗ್ ಆ್ಯಪ್ಸ್’, ‘ಡೀಪ್ ಸ್ಲೀಪಿಂಗ್ ಆ್ಯಪ್ಸ್’ ಪಟ್ಟಿಗಳಿಂದಲೂ ತೆಗೆಯಬೇಕು. ಶಿಯೋಮಿಯಲ್ಲಿ ‘ನೋ ರಿಸ್ಟ್ರಿಕ್ಷನ್ಸ್’ ಜತೆಗೆ ‘ಆಟೊಸ್ಟಾರ್ಟ್’ ಕೂಡ ಆನ್ ಮಾಡಿ. ರೇಡಿಯೊ ಒಂದಕ್ಕೆ ಮಾತ್ರ ಹೀಗೆ ಮಾಡಿ. ಸಿಕ್ಕಸಿಕ್ಕ ಆ್ಯಪ್‌ಗೆಲ್ಲ ಬಿಟ್ಟುಕೊಟ್ಟರೆ ಸಂಜೆಯೊಳಗೆ ಚಾರ್ಜ್ ಖಾಲಿ. ಆಗಾಗ ಎಲ್ಲ ಆ್ಯಪ್‌ಗಳನ್ನು ಮೇಲಕ್ಕೆ ತಳ್ಳಿ ‘ಕ್ಲಿಯರ್’ ಮಾಡುವ ಚಟವಿದ್ದವರ ಫೋನಿನಲ್ಲಿ ಹಲವು ಸಲ ಯಾವ ಸೆಟ್ಟಿಂಗೂ ದನಿಯನ್ನು ಉಳಿಸಲಾರದು. ಐಫೋನಿನಲ್ಲೂ ಹಾಗೆ ತಳ್ಳಿದರೆ ಹಾಡು ನಿಲ್ಲುತ್ತದೆ.

ಕರೆ ಬಂದು ಹೋದ ಮೇಲೆ ಸುಮ್ಮನಾದರೆ ಚಿಂತೆ ಬೇಡ. ಕರೆಗೆ ದಾರಿ ಬಿಟ್ಟ ಕೆಲವು ಆ್ಯಪ್‌ಗಳಿಗೆ ಮತ್ತೆ ಶುರು ಮಾಡಲು ಬರುವುದಿಲ್ಲ, ಗುಂಡಿ ಒತ್ತಬೇಕು ಅಷ್ಟೆ. ಚಾರ್ಮಾಡಿಯಲ್ಲೋ ಆಗುಂಬೆ ಘಾಟಿಯಲ್ಲೋ ನಿಂತರೆ ಅದು ಸಿಗ್ನಲ್ ಇಲ್ಲದ್ದರಿಂದ. ನೇರ ಪ್ರಸಾರದಲ್ಲಿ ಫೋನ್ ಮುಂಗಡವಾಗಿ ಕೂಡಿಟ್ಟುಕೊಳ್ಳುವುದು ಕೆಲವೇ ಸೆಕೆಂಡುಗಳಷ್ಟು ದನಿ. ಬಸ್ಸಿನ ಪ್ರಯಾಣಕ್ಕೆ ಮೊದಲೇ ಡೌನ್‌ಲೋಡ್ ಮಾಡಿದ ಪಾಡ್‌ಕಾಸ್ಟೇ ಸರಿ.

ಡೇಟಾ ಮುಗಿಯುವ ಭಯ ಹಲವರಿಗಿದೆ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೊಬಿಟ್) ವೇಗದ ರೇಡಿಯೊ ಗಂಟೆಗೆ ಎಳೆಯುವುದು ಸುಮಾರು 29 ಎಂಬಿ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 1.7 ಜಿಬಿ ಆಯಿತು. ಬರೀ ದನಿ ಕೇಳಲು ವಿಡಿಯೊ ಹಾಕಿ ಪರದೆ ಉರಿಸುತ್ತ ಕೂರುವುದಕ್ಕೆ ಇದರ ಹಲವು ಪಟ್ಟು ಡೇಟಾ ಬೇಕು, ಬ್ಯಾಟರಿಯೂ ದಂಡ.

ಕಂಪನಿಗೊಂದು ಹೆಸರಿಟ್ಟು, ನಾಲ್ಕು ಮೆನುಗಳ ಒಳಗೆ ಬ್ಯಾಟರಿಯ ಈ ಸೆಟ್ಟಿಂಗ್ ಹುದುಗಿಸಿರುವುದೇ ಹಿರಿಯರಿಗೆ ತೊಡಕು. ಪ್ರಸಾರ ಭಾರತಿಯವರು ತಮ್ಮ ರೇಡಿಯೊ ಆ್ಯಪ್‌ನಲ್ಲೇ ಇದರ ವಿವರವನ್ನು ಚಿತ್ರಸಮೇತ ಕನ್ನಡದಲ್ಲಿ ಕೊಡಬೇಕು. ಫೋನ್ ಮಾರುವ ಅಂಗಡಿಯವರು ಸ್ಕ್ರೀನ್‌ಗಾರ್ಡ್ ಅಂಟಿಸುವಾಗ ಎರಡು ನಿಮಿಷ ಕೊಟ್ಟು ಇದನ್ನೂ ಮಾಡಿಕೊಡಲಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಕೆಲವು ಫೋನುಗಳಲ್ಲಿ ಈ ಸೆಟ್ಟಿಂಗ್ ಮೊದಲಿನಂತಾಗುವುದುಂಟು, ಆಗ ಇನ್ನೊಮ್ಮೆ ನೋಡಿಕೊಳ್ಳಬೇಕು.

– ಒಬ್ಬ ಮೊಬೈಲ್ ರಿಪೇರಿಗಾರ, ತೀರ್ಥಹಳ್ಳಿ