ಬಾವುಟ ಕಟ್ಟುವುದನ್ನು ಮಕ್ಕಳಿಗೇ ಕಲಿಸಿ

ಮಾನ್ಯ ಸಂಪಾದಕರೇ,

ಆಗಸ್ಟ್ 15 ಹತ್ತಿರ ಬಂದಂತೆ ಶಾಲೆಗಳಲ್ಲಿ ಭಾಷಣ, ನೃತ್ಯ, ಕವಾಯತು ಎಲ್ಲದರ ತಾಲೀಮೂ ಶುರುವಾಗುತ್ತದೆ. ತಾಲೀಮೇ ಇಲ್ಲದೆ ನಡೆದುಹೋಗುವುದು ಅಂದಿನ ಮುಖ್ಯ ಕೆಲಸವಾದ ಬಾವುಟ ಕಟ್ಟುವುದು ಮಾತ್ರ. ಬೆಳಿಗ್ಗೆ ಯಾರೋ ಒಬ್ಬರು ಬೀರುವಿನಿಂದ ಬಾವುಟ ತೆಗೆದು ಅವಸರದಲ್ಲಿ ಸುತ್ತಿ ಮೇಲೇರಿಸುತ್ತಾರೆ. ಅತಿಥಿಗಳು ಹಗ್ಗ ಎಳೆದರೆ ಬಿಚ್ಚಿಕೊಳ್ಳುವುದಿಲ್ಲ. ಜೋರಾಗಿ ಎಳೆದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಕೊನೆಗೆ ಎಲ್ಲರೆದುರು ಕೆಳಗಿಳಿಸಿ ಬಿಡಿಸಿ ಮತ್ತೆ ಏರಿಸಬೇಕಾಗುತ್ತದೆ. ಸಾಲಿನಲ್ಲಿ ನಿಂತು ಇದನ್ನು ನೋಡುವ ಮಕ್ಕಳೇ ಮುಂದೆ ಬಡಾವಣೆಯ ಸಂಘದಲ್ಲೋ, ಅಪಾರ್ಟ್‌ಮೆಂಟಿನಲ್ಲೋ, ಕಚೇರಿಯಲ್ಲೋ ಬಾವುಟದ ಹೊಣೆ ಹೊರುವವರು. ಕೈಯಾರೆ ಕಲಿತಿಲ್ಲವಾದ್ದರಿಂದ ಅಲ್ಲೂ ಅದೇ ಪಾಡು. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಈ ಕೆಲಸ ಕಲಿಸಿ, ಅವರಿಗೇ ಒಪ್ಪಿಸಬೇಕೆಂದು ಶಾಲೆಗಳನ್ನು ಕೇಳಿಕೊಳ್ಳಲು ಈ ಪತ್ರ.

ಮೊದಲು ಹಗ್ಗದ ವಿಚಾರ. ಹಗ್ಗದ ಒಂದು ತುದಿ ಬಾವುಟದ ಕೇಸರಿ ಮೂಲೆಗೆ, ಇನ್ನೊಂದು ತುದಿ ಹಸಿರು ಮೂಲೆಗೆ ಬರಬೇಕು. ನಡುವಿನ ಭಾಗ ಕಂಬದ ತುದಿಯ ರಾಟೆಯ ಮೇಲೆ ಹಾದು ಕೆಳಗಿಳಿದಿರುತ್ತದೆ. ಹೀಗಾಗಿ 20 ಅಡಿ ಕಂಬಕ್ಕೆ 45 ಅಡಿ ಹಗ್ಗ ಬೇಕು. ಖಾದಿ ಬಾವುಟದ ಕಂಬದ ಕಡೆಯ ಅಂಚುಪಟ್ಟಿಯೊಳಗೆ ಹೊಲಿದ ದಾರಕ್ಕೆ ಒಂದು ತುದಿಯಲ್ಲಿ ಪುಟ್ಟ ಮರದ ತುಂಡು ಇರುತ್ತದೆ. ಅದು ಕೇಸರಿ ಕಡೆ, ಅಂದರೆ ಮೇಲಕ್ಕೆ. ಬಾವುಟ ತಲೆಕೆಳಗಾಗುವುದು ಹೆಚ್ಚಾಗಿ ಇದನ್ನು ಗಮನಿಸದೆ ಕಟ್ಟಿದಾಗಲೇ. ಹತ್ತಿ ಹಗ್ಗ ಮಳೆಯಲ್ಲಿ ನೆನೆದು ಉಬ್ಬುತ್ತದೆ, ರಾಟೆಯ ಕಾಲುವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗಸ್ಟಿನ ಮಳೆಗೆ 6 ಮಿ.ಮೀ. ದಪ್ಪದ ಹೆಣೆದ ನೈಲಾನ್ ಹಗ್ಗವೇ ವಾಸಿ. ಒಂದು ವಾರ ಮುಂಚೆ ರಾಟೆಗೆ ಎರಡು ಹನಿ ಎಣ್ಣೆ ಬಿಟ್ಟು, ಹಗ್ಗ ಸರಾಗವಾಗಿ ಓಡುತ್ತದೆಯೇ ಎಂದು ಎಳೆದು ನೋಡಬೇಕು. ವರ್ಷವಿಡೀ ಬಿಸಿಲು ಮಳೆಗೆ ನಿಂತ ರಾಟೆ ತುಕ್ಕು ಹಿಡಿಯದೇ ಇರುವುದಿಲ್ಲ.

ಇನ್ನು ಮಡಿಸುವುದು. ಇಬ್ಬರು ಬಾವುಟವನ್ನು ನೆಲಕ್ಕೆ ತಾಗದಂತೆ ಬಿಗಿಯಾಗಿ ಹಿಡಿಯಬೇಕು. ಹಸಿರನ್ನು ಕೇಸರಿಯ ಮೇಲೆ ತಂದು ಉದ್ದಕ್ಕೆ ಒಮ್ಮೆ, ಹಾಗೆಯೇ ಇನ್ನೊಮ್ಮೆ ಮಡಿಸಿದರೆ ಎರಡು ಅಡಿ ಅಗಲದ ಬಾವುಟ ಅರ್ಧ ಅಡಿಯ ಪಟ್ಟಿಯಾಗುತ್ತದೆ. ಹಾರುವ ತುದಿಯಿಂದ ಹಗ್ಗದ ಕಡೆಗೆ ಸೀರೆಯ ನೆರಿಗೆಯ ಹಾಗೆ ಹಿಂದೆ ಮುಂದೆ ಮಡಿಸುತ್ತಾ ಬನ್ನಿ. ಸುರುಳಿ ಸುತ್ತಬೇಡಿ. ಸುತ್ತಿದ ಬಟ್ಟೆ ಒದ್ದೆಯಾದರೆ ಅಂಟಿಕೊಂಡು ನೇತಾಡುತ್ತದೆ, ನೆರಿಗೆ ಹಿಡಿದದ್ದು ಗಾಳಿಯಿಲ್ಲದಿದ್ದರೂ ತಾನೇ ಬಿಡುತ್ತದೆ. ಕೊನೆಯ ಎರಡು ನೆರಿಗೆ ಉಳಿದಾಗ ಒಂದು ಹಿಡಿ ಹೂವಿನ ಎಸಳು ಇಡಬಹುದು. ಬಾವುಟದ ಬಳಕೆಗೆ ಸರ್ಕಾರ ಮಾಡಿರುವ ನಿಯಮಾವಳಿಯಾದ ಧ್ವಜ ಸಂಹಿತೆಯೇ ಇದಕ್ಕೆ ಅವಕಾಶ ಕೊಟ್ಟಿದೆ. ಎಸಳು ಒಣಗಿರಲಿ, ಬಿಡಿಬಿಡಿಯಾಗಿರಲಿ. ನೀರು ಚಿಮುಕಿಸಿದ ಚೆಂಡುಹೂವಿನ ಎಸಳು ಉಂಡೆಗಟ್ಟಿ ಬೀಳುತ್ತದೆ, ಬಿಳಿ ಪಟ್ಟಿಗೆ ಕಲೆಯನ್ನೂ ಹಿಡಿಸುತ್ತದೆ.

ಎಲ್ಲ ಎಡವಟ್ಟೂ ಆಗುವುದು ಗಂಟಿನಲ್ಲಿ. ಹಸಿರು ಕಡೆಯ ಹಗ್ಗದಿಂದಲೇ ಮಡಿಕೆಯ ಸುತ್ತ ಎರಡು ಸುತ್ತು ಹಾಕಬೇಕು, ಮೂರನೆಯದು ಬೇಡ. ಆಮೇಲೆ ಹಗ್ಗವನ್ನು ಪೂರ್ತಿ ತೂರಿಸದೆ ಬಾಗಿಸಿ, ನಾಲ್ಕು ಬೆರಳು ಉದ್ದದ ಕುಣಿಕೆಯನ್ನಷ್ಟೇ ಸುತ್ತಿನಡಿ ಸಿಕ್ಕಿಸಬೇಕು. ಇದು ಜೀರುಗುಣಿಕೆ. ಕೆಳಗಿನಿಂದ ಎಳೆದಾಗ ಕುಣಿಕೆ ಹೊರಬರುತ್ತದೆ, ಸುತ್ತು ಸಡಿಲಾಗುತ್ತದೆ, ಬಾವುಟ ಬಿಚ್ಚಿಕೊಳ್ಳುತ್ತದೆ. ಕುಣಿಕೆಯಿಂದ ಕೆಳಗಿಳಿಯುವ ಎಳೆಯೇ ಅತಿಥಿಗಳ ಕೈಗೆ ಬರಬೇಕು. ಅವರು ಹಗ್ಗ ಹಿಡಿಯುವ ಮೊದಲು ಇನ್ನೊಂದು ಎಳೆಯನ್ನು, ಅಂದರೆ ಮೇಲೇರಿಸಿದ ಎಳೆಯನ್ನು, ಕಂಬದ ಕೊಕ್ಕೆಗೆ ಎಂಟರ ಆಕಾರದಲ್ಲಿ ಸುತ್ತಿ ಭದ್ರಪಡಿಸಬೇಕು. ಇದನ್ನು ಮರೆತರೆ ಎಳೆದೊಡನೆ ಕಟ್ಟಿದ ಬಾವುಟವೇ ಇಡಿಯಾಗಿ ಕೆಳಕ್ಕೆ ಜಾರುತ್ತದೆ. ಬೇರೆ ಬಟ್ಟೆಯೊಂದನ್ನು ಬಾವುಟದ ಅಳತೆಗೆ ಕತ್ತರಿಸಿಕೊಂಡು ಮಕ್ಕಳು ಹತ್ತು ಸಲ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ. ಹಿಂದಿನ ರಾತ್ರಿಯೇ ಕಟ್ಟಿ ಮೇಲೇರಿಸಿಡುವ ರೂಢಿ ಮಾತ್ರ ಬೇಡ. ಬೆಳಗಾಗುವಷ್ಟರಲ್ಲಿ ಬಟ್ಟೆ, ಹಗ್ಗ, ಹೂ ಎಲ್ಲ ನೆನೆದು ಮುದ್ದೆಯಾಗಿರುತ್ತದೆ.

ಹಂಗಾಮಿ ಕಂಬ ನಿಲ್ಲಿಸುವವರು ಒಂದು ಮಾತನ್ನು ದಯವಿಟ್ಟು ಕೇಳಿಸಿಕೊಳ್ಳಬೇಕು. 2019ರ ಆಗಸ್ಟ್ 18ರಂದು ಕೊಪ್ಪಳದ ವಿದ್ಯಾರ್ಥಿ ನಿಲಯವೊಂದರಲ್ಲಿ, ಸ್ವಾತಂತ್ರ್ಯ ದಿನಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಕಂಬ ತೆಗೆಯುವಾಗ ವಿದ್ಯುತ್ ತಂತಿ ತಗುಲಿ ಐವರು ಹುಡುಗರು ಪ್ರಾಣ ಕಳೆದುಕೊಂಡರು. ಹಬ್ಬ ಮುಗಿದು ಮೂರು ದಿನವಾಗಿತ್ತು. ನಿಲ್ಲಿಸುವಾಗ ಇರುವ ಎಚ್ಚರ ತೆಗೆಯುವಾಗ ಇರುವುದಿಲ್ಲ. ಕಂಬ ಯಾವ ದಿಕ್ಕಿಗೆ ಉರುಳಿದರೂ ತಂತಿಗೆ ತಾಗದಷ್ಟು ದೂರವಿದ್ದರೆ ಮಾತ್ರ ಅಲ್ಲಿ ನಿಲ್ಲಿಸಬೇಕು. ಮಹಡಿಯ ಮೇಲಾದರೆ ಈ ಲೆಕ್ಕ ಇನ್ನೂ ಬಿಗಿಯಾಗಿರಲಿ. ಹಸಿ ಬಿದಿರಿನಲ್ಲೂ ವಿದ್ಯುತ್ ಹರಿಯುತ್ತದೆ. ಕಂಬ ನಿಲ್ಲಿಸುವುದು, ಇಳಿಸುವುದು ದೊಡ್ಡವರ ಕೆಲಸ, ಮಕ್ಕಳದ್ದಲ್ಲ. ಶಿಕ್ಷಣ ಇಲಾಖೆಯೂ ವಿದ್ಯುತ್ ಕಂಪನಿಗಳೂ ಜುಲೈನಲ್ಲೇ ಶಾಲೆಗಳ ಕಂಬದ ಜಾಗ ನೋಡಿ ಬಂದರೆ ದೊಡ್ಡ ಉಪಕಾರ.

ಬಾವುಟ ಕೊಳ್ಳುವಾಗ ಉದ್ದ, ಎತ್ತರ 3:2 ಇದೆಯೇ, ಮೂರು ಪಟ್ಟಿ ಸಮನಾಗಿವೆಯೇ, ಚಕ್ರದಲ್ಲಿ 24 ಅರೆಗಳಿವೆಯೇ, ಎರಡೂ ಮಗ್ಗುಲಲ್ಲಿ ಚಕ್ರ ಕಾಣುತ್ತದೆಯೇ ಎಂದು ನೋಡಬೇಕು. ಅಗ್ಗದ ಬಾವುಟಗಳಲ್ಲಿ ಚಕ್ರ ಮೊಟ್ಟೆಯಾಕಾರವಾಗಿರುವುದುಂಟು, ನಡುವಿನಿಂದ ಸರಿದಿರುವುದೂ ಉಂಟು. ಧ್ವಜ ಸಂಹಿತೆಯ 2021ರ ಡಿಸೆಂಬರ್ ತಿದ್ದುಪಡಿಯ ನಂತರ ಪಾಲಿಯೆಸ್ಟರ್, ಯಂತ್ರದಲ್ಲಿ ನೇಯ್ದ ಬಟ್ಟೆಗಳಿಗೂ ಅನುಮತಿಯಿದೆ. ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಳತೆ ತಪ್ಪದಂತೆ ಖಾದಿ ಬಾವುಟ ಹೊಲಿದು ದೇಶಕ್ಕೆಲ್ಲ ಕಳಿಸುತ್ತಿರುವಾಗ ಕನ್ನಡದ ಶಾಲೆಯ ಕಂಬದ ಮೇಲೆ ಖಾದಿಯೇ ಇರಬೇಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ. 20 ಅಡಿ ಕಂಬಕ್ಕೆ 1350×900 ಮಿ.ಮೀ. ಅಳತೆ ಒಪ್ಪುತ್ತದೆ, ಮನೆಯ ಮಹಡಿಯ ಚಿಕ್ಕ ಕಂಬಕ್ಕೆ 900×600 ಸಾಕು.

ಮಕ್ಕಳನ್ನು ನಿಲ್ಲಿಸುವ ಕ್ರಮವನ್ನೂ ಸಂಹಿತೆ ಹೇಳಿದೆ: ಚೌಕದ ಮೂರು ಬದಿಗೆ ಮಕ್ಕಳು, ನಾಲ್ಕನೆಯ ಬದಿಗೆ ಕಂಬ, ಹತ್ತು ಹತ್ತು ಮಂದಿಯ ಸಾಲು, ಸಾಲುಗಳ ನಡುವೆ ಕನಿಷ್ಠ 30 ಇಂಚು. ಹೀಗೆ ನಿಂತರೆ ಒಂದನೇ ತರಗತಿಯ ಮಗುವಿಗೂ ಬಾವುಟ ಬಿಚ್ಚಿಕೊಳ್ಳುವುದು ಕಾಣುತ್ತದೆ. ರಾಷ್ಟ್ರಗೀತೆಗೆ 52 ಸೆಕೆಂಡು ಸಾಕು. ಮಕ್ಕಳು ತಲೆಸುತ್ತಿ ಬೀಳುವುದು ಖಾಲಿ ಹೊಟ್ಟೆಯಲ್ಲಿ ಬಂದು ಮುಕ್ಕಾಲು ಗಂಟೆಯ ಭಾಷಣಗಳನ್ನು ನಿಂತೇ ಕೇಳಬೇಕಾದಾಗ. ಭಾಷಣಕ್ಕೆ ಮೊದಲು ಕೂರಿಸಿ.

ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ ಎಂಬುದು ನಿಯಮ. 2022ರ ಜುಲೈ ತಿದ್ದುಪಡಿಯಿಂದ ಹಗಲಿರುಳು ಹಾರಿಸಲು ಅವಕಾಶವಿದೆಯಾದರೂ, ಮಳೆಗಾಲದಲ್ಲಿ ಸಂಜೆ ಇಳಿಸಿಬಿಟ್ಟರೆ ಬಟ್ಟೆ ಬಾಳಿಕೆ ಬರುತ್ತದೆ. ಇಳಿಸಿದ್ದನ್ನು ನೆರಳಲ್ಲಿ ಪೂರ್ತಿ ಆರಿಸಿದ ಮೇಲೆ ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಿಸಿ, ಎರಡೂ ಬದಿಯಿಂದ ಚಕ್ರದವರೆಗೆ ಮಡಿಚಿ ಎತ್ತಿಡಬೇಕು. ಹರಿದ ಬಾವುಟವನ್ನು ಮತ್ತೆ ಹಾರಿಸುವಂತಿಲ್ಲ, ಏಕಾಂತದಲ್ಲಿ ಗೌರವದಿಂದ ಸುಡುವುದು ಸರಿಯಾದ ಕ್ರಮ. ಮಕ್ಕಳ ಕೈಯ ಕಾಗದದ ಬಾವುಟಗಳಿಗೂ ಇದೇ ಗೌರವ ಸಲ್ಲಬೇಕು. ಸಿಹಿ ಹಂಚುವ ಮೇಜಿನ ಪಕ್ಕದಲ್ಲೇ ಒಂದು ಪೆಟ್ಟಿಗೆ ಇಟ್ಟು, ಬಾವುಟ ಬೇಡವಾದವರು ಅದರಲ್ಲಿ ಹಾಕಲಿ ಎಂದು ಮೊದಲೇ ಹೇಳಿದರೆ, ಮಧ್ಯಾಹ್ನ ರಸ್ತೆಯ ಕೆಸರಿನಿಂದ ಅವನ್ನು ಹೆಕ್ಕುವ ಕೆಲಸ ಯಾರಿಗೂ ಬೀಳುವುದಿಲ್ಲ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕರು, ಧಾರವಾಡ